ರಾತ್ರಿ ಹತ್ತಕ್ಕೆ ಮಗನ ಫೋನಿಗೆ ಮಾತ್ರ ವೈಫೈ ಬಂದ್

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಮಗ ರಾತ್ರಿ ಒಂದು ಗಂಟೆವರೆಗೂ ಕಂಬಳಿಯೊಳಗೆ ಫೋನ್ ಹಿಡಿದಿರುತ್ತಾನೆ, ರೂಟರಲ್ಲೇ ಯೂಟ್ಯೂಬ್, ಇನ್‌ಸ್ಟಾಗ್ರಾಂ ಎರಡನ್ನೂ ನಿಲ್ಲಿಸಬಹುದಾ ಅಂತ ಕೇಳಿದ್ದೀಯಲ್ಲ. ಪೂರ್ತಿ ನಿಲ್ಲಿಸಬೇಡ ಕಣೇ. ಎಸ್ಸೆಸ್ಸೆಲ್ಸಿ ಗಣಿತದ ಪಾಠ ಅವನು ನೋಡುವುದೂ ಅಲ್ಲೇ ಅಲ್ವಾ? ರಾತ್ರಿಯದ್ದು ನಿಂತರೆ ಸಾಕು.

ನಿಮಗೊಂದು ಅನುಕೂಲ ಇದೆ. ನಿಮ್ಮ ತೋಟದ ಮನೆಯಲ್ಲಿ ಒಂದು ಓಟಿಪಿ ಬರಬೇಕಾದರೂ ಗುಡ್ಡ ಹತ್ತಬೇಕು. ವೈಫೈ ಬಿಟ್ಟರೆ ಅವನಿಗೆ ಬೇರೆ ದಾರಿಯಿಲ್ಲ. ಇಲ್ಲಿ ಶಿವಮೊಗ್ಗದಲ್ಲಿ ನಾನು ವೈಫೈ ನಿಲ್ಲಿಸಿದರೆ ಮಗಳು ಮೊಬೈಲ್ ಡೇಟಾ ಹಾಕಿಕೊಳ್ಳುತ್ತಾಳೆ, ಅಷ್ಟೇ.

ಹೋದ ವರ್ಷ ನಾನು ರೂಟರಿನ ಯುಆರ್‌ಎಲ್ ಫಿಲ್ಟರಿನಲ್ಲಿ ಯೂಟ್ಯೂಬ್ ಡಾಟ್ ಕಾಮ್ ಅಂತ ಬರೆದು ಸೇವ್ ಮಾಡಿದ್ದೆ. ಬ್ರೌಸರಿನಲ್ಲಿ ನಿಂತಿತು, ಆ್ಯಪ್ ಮಾತ್ರ ಆರಾಮಾಗಿ ಓಡುತ್ತಿತ್ತು. ಯಾಕೆಂದರೆ ಆ್ಯಪ್ ಹೋಗುವುದು ಗೂಗಲ್‌ನ ಬೇರೆ ಹೆಸರುಗಳ ಮೂಲಕ. ಅವನ್ನೆಲ್ಲ ಕಡಿಯಲು ಹೋದರೆ ಗೂಗಲ್‌ನ ಬೇರೆ ಆ್ಯಪ್‌ಗಳೂ ಕೈಕೊಡುತ್ತವೆ. ಅದಕ್ಕೇ ಹೆಸರು ಹಿಡಿದು ತಡೆಯುವುದು ಬಿಡು, ಟೈಮ್ ಹಾಕು.

ರೂಟರ್ ತಿರುಗಿಸಿ ನೋಡು, ತಳದ ಚೀಟಿಯಲ್ಲಿ ಅಡ್ರೆಸ್ ಇರುತ್ತದೆ. ಹೆಚ್ಚಾಗಿ 192.168.1.1. ಯೂಸರ್ ನೇಮ್, ಪಾಸ್‌ವರ್ಡ್ ಕೂಡ ಅಲ್ಲೇ. ಆ ಅಡ್ರೆಸ್ ಬ್ರೌಸರಿನಲ್ಲಿ ಬರೆದು ಒಳಗೆ ಹೋದವಳೇ ಮೊದಲು ಆ ಪಾಸ್‌ವರ್ಡ್ ಬದಲಿಸು, ಚೀಟಿ ಅವನಿಗೂ ಓದಲು ಬರುತ್ತದೆ. ಆಮೇಲೆ ಪೇರೆಂಟಲ್ ಕಂಟ್ರೋಲ್‌ನಲ್ಲಿ ಅವನ ಫೋನ್ ಆರಿಸಿ, ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಬಂದ್ ಅಂತ ಹಾಕು. ರೂಟರ್ ಫೋನನ್ನು ಗುರುತಿಸುವುದು ಮ್ಯಾಕ್ ಅಡ್ರೆಸ್ಸಿನಿಂದ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರಿನಿಂದ. ಆಂಡ್ರಾಯ್ಡ್ 10ರಿಂದ ಈಚೆಗೆ ಫೋನುಗಳು ವೈಫೈಗೆ ನಕಲಿ ಮ್ಯಾಕ್ ತೋರಿಸುತ್ತವೆ. ಅವನು ಆ ಸೆಟ್ಟಿಂಗ್ ಬದಲಿಸಿದರೆ ರೂಟರಿಗೆ ಅದು ಯಾರದ್ದೋ ಹೊಸ ಫೋನ್. ಅವನ ಫೋನಿನ ವೈಫೈ ಸೆಟ್ಟಿಂಗಿನಲ್ಲಿ ‘ಫೋನ್ ಮ್ಯಾಕ್’ ಅಂತ ಇಟ್ಟು, ಅದೇ ನಂಬರ್ ರೂಟರಿನಲ್ಲಿ ಹಾಕು. ವಾರಕ್ಕೊಮ್ಮೆ ರೂಟರಿನ ಪಟ್ಟಿ ನೋಡು, ಗೊತ್ತಿಲ್ಲದ ಫೋನ್ ಸೇರಿದೆಯಾ ಅಂತ.

ಕೆಟ್ಟ ಸೈಟುಗಳ ಹೆದರಿಕೆಗೆ ರೂಟರಿನ ಡಿಎನ್‌ಎಸ್ (ಸೈಟಿನ ಹೆಸರಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ 1.1.1.3, ಅದರ ಕೆಳಗೆ 1.0.0.3 ಹಾಕು. ಕ್ಲೌಡ್‌ಫ್ಲೇರ್ ಅನ್ನೋ ಇಂಟರ್ನೆಟ್ ಕಂಪನಿಯವರು 2020ರಲ್ಲಿ ಕೊಟ್ಟಿದ್ದು, ದುಡ್ಡಿಲ್ಲ. ಅಶ್ಲೀಲ ಸೈಟು, ವೈರಸ್ ಸೈಟು ಎರಡನ್ನೂ ತಡೆಯುತ್ತದೆ. ರೀಲ್ಸ್ ತಡೆಯುವುದಿಲ್ಲ.

ಇದನ್ನೆಲ್ಲ ಅವನಿಗೆ ಹೇಳಿಯೇ ಮಾಡು. ಕದ್ದು ಮಾಡಿದರೆ ನೆಟ್ ಕೆಟ್ಟಿದೆ ಅಂತ ಭಾವನನ್ನು ಪೀಡಿಸುತ್ತಾನೆ, ಗೊತ್ತಾದ ದಿನ ನಿನ್ನ ಮೇಲೆ ಮುನಿಸಿಕೊಳ್ಳುತ್ತಾನೆ. ಪರೀಕ್ಷೆ ವರ್ಷದಲ್ಲಿ ಅದು ಬೇಡ.

ಇನ್ನೊಂದು, ರೂಟರಿನ ಗಡಿಯಾರ ನೋಡು. ಟೈಮ್ ಝೋನ್ +5:30 ಇರಬೇಕು. ಸೊನ್ನೆ ಇದ್ದರೆ ಹತ್ತು ಗಂಟೆಯ ಬೀಗ ಬೀಳುವುದು ಬೆಳಗಿನ ಜಾವ 3:30ಕ್ಕೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೂ ಒಮ್ಮೆ ನೋಡು, ನೆಟ್ ಬರುವವರೆಗೆ ಕೆಲವು ರೂಟರುಗಳ ಟೈಮ್ ತಪ್ಪಿರುತ್ತದೆ. ಸೇವ್ ಒತ್ತುವ ಮೊದಲು ಆ ಪುಟದ ಫೋಟೋ ನನಗೆ ಕಳಿಸು, ಒಂಬತ್ತರವರೆಗೆ ಎದ್ದಿರುತ್ತೇನೆ.