ದೇವರಮನೆಯ ಮೂಲೆ ಕುಸಿಯುತ್ತಿದೆ, ಪಾಯಕ್ಕೆ ಕೈ ಹಾಕಬೇಕೆ?

ತಾತನ ಮನೆ (ಬಸವನಗುಡಿ):
ನಮಸ್ಕಾರ. ನಮ್ಮ ಮನೆ ತಾತ 1941ರಲ್ಲಿ ಕಟ್ಟಿಸಿದ್ದು. ಸೈಜುಗಲ್ಲಿನ ಪಾಯ, ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮೇಲೆ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ್ದು). ಎರಡು ಮಳೆಗಾಲದಿಂದ ಈಶಾನ್ಯದ ದೇವರಮನೆ ಕೆಳಕ್ಕೆ ಕೂರುತ್ತಿದೆ. ನನಗೆ ಮೊದಲು ಕಂಡದ್ದು ಬಿರುಕಲ್ಲ, ದೀಪ. ನೆಲದ ಮೇಲಿಟ್ಟ ಹಣತೆಯಲ್ಲಿ ಎಣ್ಣೆ ಹೊರಗೋಡೆಯ ಕಡೆಯ ಅಂಚಿಗೆ ಬಂದು ನಿಲ್ಲುತ್ತಿತ್ತು. ಹಣತೆಯೇ ಸೊಟ್ಟ ಎಂದುಕೊಂಡು ಬೇರೆಯದು ತಂದೆ. ಅದರಲ್ಲೂ ಹಾಗೆಯೇ. ಆಮೇಲೆ ನೋಡಿದರೆ ಕಿಟಕಿಯ ಮೂಲೆಯಿಂದ ತಾರಸಿಯವರೆಗೆ ಓರೆಯಾದ ಬಿರುಕು. ಕೆಳಗೆ ಕೂದಲೆಳೆ, ಮೇಲೆ ಒಂದು ರೂಪಾಯಿ ನಾಣ್ಯ ತೂರುವಷ್ಟು.

ಎದುರು ಮನೆಯ ಹಿರಿಯರು "ಈಶಾನ್ಯ ತಗ್ಗಿದರೆ ಲಕ್ಷ್ಮಿ ಬರುತ್ತಾಳಮ್ಮ" ಎಂದು ಸಮಾಧಾನ ಹೇಳಿದರು. ಗುತ್ತಿಗೆದಾರರೊಬ್ಬರು ಮನೆಯ ಸುತ್ತಲೂ ಪಾಯದ ಅಡಿಗೆ ಕಾಂಕ್ರೀಟ್ ತುಂಬಲು ಏಳು ಲಕ್ಷ ಕೇಳಿದ್ದಾರೆ. ಲಕ್ಷ್ಮಿ ಬರುವ ಮೊದಲೇ ಹೊರಟಂತಿದೆ. ಒಪ್ಪಿಕೊಳ್ಳಲೆ?

ನಿವೃತ್ತ ಸಿವಿಲ್:
ಸದ್ಯ ಒಪ್ಪಬೇಡಿ. ಎಂಬತ್ತು ವರ್ಷ ಅಲುಗದ ಪಾಯ ಈಗ ಕೂತಿದೆ ಎಂದರೆ ಪಾಯದ ಸುತ್ತ ಏನೋ ಬದಲಾಗಿದೆ. ನಮ್ಮ ಕೆಂಪು ಮಣ್ಣು ಒಣಗಿದ್ದಾಗ ಹಾರೆಗೂ ಜಗ್ಗುವುದಿಲ್ಲ, ನೆನೆದರೆ ಸಡಿಲ. ಆದ್ದರಿಂದ ಮೊದಲು ನೀರನ್ನು ಹುಡುಕಿ. ಆ ಮೂಲೆಯ ಹತ್ತಿರ ಕಕ್ಕಸಿನ ಚೇಂಬರ್, ತಾರಸಿಯಿಂದ ಇಳಿಯುವ ಪೈಪು, ನೆಲದಡಿಯ ನೀರಿನ ಸಂಪು ಏನಾದರೂ ಇದೆಯೆ? ಪಕ್ಕದ ಸೈಟಿನಲ್ಲಿ ನೆಲಮಾಳಿಗೆಗೆ ಅಗೆದಿದ್ದಾರೆಯೆ?

ಬಿರುಕನ್ನು ಈಗಲೇ ಮುಚ್ಚಬೇಡಿ. ಅದಕ್ಕೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಸಿಮೆಂಟಿನಿಂದ ಅಂಟಿಸಿ, ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ ಎಂದರ್ಥ.

ತಾತನ ಮನೆ (ಬಸವನಗುಡಿ):
ಸಂಪು ಇದೆ ಸರ್! 1994ರಲ್ಲಿ ಅಪ್ಪ ತೋಡಿಸಿದ್ದು, ವಾಸ್ತು ನೋಡಿ ಈಶಾನ್ಯದಲ್ಲೇ. ಗೋಡೆಯಿಂದ ಎರಡು ಅಡಿ ದೂರ, ಏಳು ಅಡಿ ಆಳ. ಪಾಯ ಮೂರೂವರೆ ಅಡಿ ಎಂದು ಗುತ್ತಿಗೆದಾರರು ಅಗೆದು ನೋಡಿದ್ದರು.

ನಿವೃತ್ತ ಸಿವಿಲ್:
ಲೆಕ್ಕ ನೀವೇ ಹಾಕಿ. ಪಾಯದ ಹೊರೆ ಮಣ್ಣಿನೊಳಗೆ ಓರೆಯಾಗಿ ಹರಡುತ್ತಾ ಇಳಿಯುತ್ತದೆ. ಪಾಯದ ಅಡಿಯ ಅಂಚಿನಿಂದ 45 ಡಿಗ್ರಿ ಓರೆಗೆ ಗೆರೆ ಎಳೆದರೆ, ಎರಡು ಅಡಿ ದೂರದಲ್ಲಿ ಅದು ನೆಲದಿಂದ ಐದೂವರೆ ಅಡಿ ಆಳಕ್ಕೆ ಇಳಿದಿರುತ್ತದೆ. ನಿಮ್ಮ ಸಂಪಿನ ತಳ ಅದಕ್ಕಿಂತಲೂ ಕೆಳಗಿದೆ. ಪಾಯ ಹೊರೆ ಇಳಿಸುವ ಮಣ್ಣನ್ನೇ ಕೆತ್ತಿ ಸಂಪು ಮಾಡಿದ್ದಾರೆ. ಅದು ಸೋರದಿದ್ದರೆ ಹೇಗೋ ನಡೆದೀತು.

ಸಂಪು ತುಂಬಿಸಿ, ಜಲಮಂಡಳಿಯ ನೀರು ಒಳಬರುವ ವಾಲ್ವ್ ಮುಚ್ಚಿ, ಮೋಟಾರು ಹಾಕದೆ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ನೀರು ಇಳಿಯುತ್ತಾ ಹೋಗಿ ಎಲ್ಲಿ ನಿಲ್ಲುತ್ತದೆಯೋ ಸೀಳು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ.

ಮಲ್ಲೇಶ್ವರದವನು:
ನಾನು ಕೈ ಸುಟ್ಟುಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ. ಕೊನೆಗೆ ಪಾಯ ಬಲಪಡಿಸಲೇಬೇಕಾಗಿ ಬಂದರೆ ಉದ್ದಕ್ಕೆ ಕಾಲುವೆ ತೋಡಲು ಬಿಡಬೇಡಿ. ನಮ್ಮ ಮೇಸ್ತ್ರಿ ಹನ್ನೆರಡು ಅಡಿ ಒಂದೇ ದಿನ ಅಗೆಸಿದ. ಮಣ್ಣಿನಲ್ಲಿ ಕಟ್ಟಿದ ಸೈಜುಗಲ್ಲು ಹಲ್ಲು ಉದುರಿದಂತೆ ಉದುರಿತು. ಸಂಜೆಯ ಹೊತ್ತಿಗೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ನಾವು ಅಡುಗೆಮನೆಯಲ್ಲೇ ಸಿಕ್ಕಿಬಿದ್ದೆವು.

ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ಸರಿಮಾಡಿದರು. ತಾರಸಿಗೆ ಆಸರೆ ಕೊಟ್ಟು, ಮೂರು ಮೂರು ಅಡಿಯ ಗುಂಡಿ, ಅದೂ ಒಂದರ ಪಕ್ಕ ಒಂದಲ್ಲ, ನಡುವೆ ಜಾಗ ಬಿಟ್ಟು. ಪ್ರತಿ ಗುಂಡಿಯಲ್ಲೂ ಗಟ್ಟಿ ನೆಲ ಸಿಗುವವರೆಗೆ ಇಳಿದು ಕಾಂಕ್ರೀಟ್ ಹಾಕಿ, ಹಳೆಯ ಕಲ್ಲಿಗೂ ಹೊಸದಕ್ಕೂ ಮೂರು ಬೆರಳಿನಷ್ಟು ಸಂದು ಬಿಡಿಸಿದರು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಆ ಸಂದಿಗೆ ನೀರು ಕಡಿಮೆ ಇರುವ ಗಾರೆಯನ್ನು ಕೊಡತಿಯಿಂದ ಹೊಡೆದು ತುಂಬಿದರು. ಸಂದು ಬಿಡದೆ ಒಂದೇ ಸಲ ತುಂಬಿದರೆ ಕಾಂಕ್ರೀಟ್ ಕುಗ್ಗಿ ಗೋಡೆ ಮತ್ತೆ ಕೂರುತ್ತದಂತೆ. ನಮ್ಮದು ಒಂದೇ ಮೂಲೆಗೆ ಮುಗಿಯಿತು. ಸುತ್ತಲೂ ಏಕೆ ಬೇಕು ಎಂದು ನಿಮ್ಮವರನ್ನೂ ಕೇಳಿ.

ತಾತನ ಮನೆ (ಬಸವನಗುಡಿ):
ಮೂರು ದಿನ ಟ್ಯಾಂಕರ್ ನೀರನ್ನು ಡ್ರಮ್ಮಿಗೆ ಹಿಡಿದು ಸಂಸಾರ ಮಾಡಿದೆವು. ಸಂಪಿನ ನೀರು ಮೊದಲ ರಾತ್ರಿಯೇ ನಾಲ್ಕು ಬೆರಳು ಇಳಿಯಿತು, ಮೂರನೆಯ ದಿನ ಗೆರೆಯಿಂದ ಒಂದೂವರೆ ಅಡಿ ಕೆಳಗೆ ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ ದೇವರಮನೆಯ ಕಡೆಯ ಗೋಡೆಯಲ್ಲೇ, ಆ ಮಟ್ಟದಲ್ಲಿ, ಗೇಣುದ್ದದ ಸೀಳು. ಸಂಪು ಖಾಲಿ ಮಾಡಿಸಿದ್ದೇನೆ. ಮುಂಬಾಗಿಲ ಬಳಿ ಎರಡು ಪ್ಲಾಸ್ಟಿಕ್ ಟ್ಯಾಂಕ್ ಬರಲಿವೆ. ಎಂಜಿನಿಯರ್ ಭಾನುವಾರ ಬರುತ್ತಾರೆ. ಗಾಜಿನ ಪಟ್ಟಿ ಇವತ್ತು ಅಂಟಿಸಿದೆ. ಏಳು ಲಕ್ಷದವರು ಇನ್ನೂ ಫೋನ್ ಮಾಡುತ್ತಿದ್ದಾರೆ.