ಕ್ಯಾಮೆರಾದ ‘ಸ್ಥಿರೀಕರಣ’: ಕುಲುಕು, ನಡುಕ, ವಾಲು ಎಲ್ಲಕ್ಕೂ ಒಂದೇ ಪದ ಸಾಕೇ?

ಪದಚರ್ಚೆಯ ಗೆಳೆಯರಿಗೆ ನಮಸ್ಕಾರ.

ಮಡಿಕೇರಿ ಸುತ್ತಮುತ್ತ ಎಲೆಕ್ಟ್ರಿಕ್ ಬೈಕ್ ಓಡಿಸುವ ನಮ್ಮ ಬಳಗಕ್ಕೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸವಾರಿಯ ವಿಡಿಯೋ ಮಾಡೋಕೆ ಎಂಥ ಆ್ಯಕ್ಷನ್ ಕ್ಯಾಮೆರಾ (ಹೆಲ್ಮೆಟ್ಟಿಗೋ ಹ್ಯಾಂಡಲಿಗೋ ಕೂರಿಸುವ ಪುಟ್ಟ ಕ್ಯಾಮೆರಾ) ಕೊಳ್ಳಬೇಕು ಅನ್ನೋದೇ ಅದರ ವಿಷಯ. ಓದುವವರು ತೋಟದವರು, ಹೋಂಸ್ಟೇ ನಡೆಸುವವರು, ಕಾಲೇಜು ಹುಡುಗ ಹುಡುಗಿಯರು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲಿ ಏನು ಕೇಳಬೇಕು ಅಂತ ಅವರಿಗೆ ಗೊತ್ತಾಗಬೇಕು. ಅದಕ್ಕೆ ಪದ ಸರಿಯಾಗಿರಬೇಕು, ಅಲ್ವಾ? ಕೆಲವು ಕಡೆ ನಿಮ್ಮ ಸಲಹೆ ಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ‘ಸ್ಟೆಬಿಲೈಸೇಶನ್’, ಅಂದರೆ ಕ್ಯಾಮೆರಾ ಅಲುಗಿದರೂ ವಿಡಿಯೋ ಅಲುಗದ ಹಾಗೆ ನೋಡಿಕೊಳ್ಳೋದು. ಕನ್ನಡದಲ್ಲಿ ಬರೆಯುವವರು ಇದಕ್ಕೆ ‘ಸ್ಥಿರೀಕರಣ’ ಅಂತ ಹಾಕುತ್ತಾರೆ. ಅರ್ಥ ಸರಿಯೇ. ಆದರೆ ಬೈಕಿನ ಮೇಲೆ ಕೂತ ಕ್ಯಾಮೆರಾ ಒಂದೇ ಥರ ಅಲುಗೋದಿಲ್ಲ. ನಮ್ಮ ಆಡುಮಾತಿನಲ್ಲಿ ಇದಕ್ಕೆ ಬೇರೆ ಬೇರೆ ಪದ ಮೊದಲಿಂದಲೂ ಇವೆ. ಗುಂಡಿಗೆ ಇಳಿದರೆ ಗಾಡಿ ‘ಕುಲುಕ್ತದೆ’. ಅಂಗೈ ಜುಮ್ ಅನ್ನುವ ಹಾಗಾದರೆ ಹ್ಯಾಂಡಲ್ ‘ನಡುಗ್ತದೆ’, ಕೆಲವರ ಬಾಯಲ್ಲಿ ‘ಅದುರ್ತದೆ’. ತಿರುವಿನಲ್ಲಿ ಗಾಡಿ ‘ವಾಲ್ತದೆ’. ಈ ಮೂರಕ್ಕೂ ಕ್ಯಾಮೆರಾದಲ್ಲಿ ಮದ್ದು ಬೇರೆ ಬೇರೆ. ಹಾಗಾಗಿ ಮೂರನ್ನೂ ‘ಸ್ಥಿರೀಕರಣ’ ಅನ್ನುವ ಒಂದೇ ಪದದಲ್ಲಿ ಮುಗಿಸಿದರೆ ಕೊಳ್ಳುವವರಿಗೆ ನಷ್ಟ ಅನ್ನೋದು ನನ್ನ ವಾದ.

ಮೊದಲು ಕುಲುಕು. ಕ್ಯಾಮೆರಾದೊಳಗೆ ಜೈರೋಸ್ಕೋಪ್ ಅನ್ನುವ ಪುಟ್ಟ ಚಿಪ್ ಇರುತ್ತದೆ. ಕ್ಯಾಮೆರಾ ಯಾವ ಕಡೆಗೆ ಎಷ್ಟು ತಿರುಗಿತು ಅಂತ ಅದು ಅಳೆಯುತ್ತಲೇ ಇರುತ್ತದೆ. ಕ್ಯಾಮೆರಾ ಬೇಕಾದ್ದಕ್ಕಿಂತ ದೊಡ್ಡ ಚಿತ್ರ ಹಿಡಿದು, ಸುತ್ತಲ ಅಂಚನ್ನು ಬಿಟ್ಟು ನಡುವಿನ ಭಾಗ ಮಾತ್ರ ಇಟ್ಟುಕೊಳ್ಳುತ್ತದೆ. ಗಾಡಿ ಕುಲುಕಿ ಕ್ಯಾಮೆರಾದ ಮೂತಿ ಮೇಲಕ್ಕೆ ತಿರುಗಿದರೆ ಆ ಭಾಗವನ್ನು ಅಷ್ಟೇ ಕೆಳಕ್ಕೆ ಸರಿಸುತ್ತದೆ. ಗೋಪ್ರೊ ಕಂಪನಿ 2018ರ ಹೀರೋ7 ಬ್ಲ್ಯಾಕ್‌ನಲ್ಲಿ ಹೈಪರ್‌ಸ್ಮೂತ್ ಅಂತ ಹೆಸರಿಟ್ಟು ತಂದದ್ದು ಇದನ್ನೇ. ಈಗ ಡಿಜೆಐ, ಇನ್‌ಸ್ಟಾ360 ಕಂಪನಿಗಳ ಕ್ಯಾಮೆರಾಗಳಲ್ಲೂ ಇಂಥದ್ದು ಇದೆ. ಇದಕ್ಕೆ ‘ಕುಲುಕುತಡೆ’ ಅಂತ ಬರೆದಿದ್ದೇನೆ. ಅಂಚು ಕತ್ತರಿಸುವುದರಿಂದ ಚಿತ್ರದಲ್ಲಿ ಕಾಣುವ ಅಗಲ ಕಮ್ಮಿಯಾಗುತ್ತದೆ. ಆ ಅಗಲಕ್ಕೆ ‘ನೋಟದ ಹರವು’ ಅನ್ನಬಹುದೇ? ‘ವೀಕ್ಷಣಾ ಕೋನ’ ಅಂದರೆ ಕಾಲೇಜು ಹುಡುಗರೂ ಪುಟ ತಿರುವಿಬಿಡುತ್ತಾರೆ.

ಕುಲುಕುತಡೆ ಸೋಲುವ ಜಾಗ ನಮ್ಮ ಕೊಡಗಿನಲ್ಲಿ ಜಾಸ್ತಿ. ಇಲ್ಲಿ ಕಾಫಿ ಬೆಳೆಯೋದೇ ಮರದ ನೆರಳಿನಲ್ಲಿ. ತೋಟದ ನಡುವಿನ ದಾರಿಯಲ್ಲಿ ಬೆಳಕು ಕಮ್ಮಿ. ಬೆಳಕು ಕಮ್ಮಿಯಾದಾಗ ಕ್ಯಾಮೆರಾ ಒಂದೊಂದು ಫ್ರೇಮಿಗೂ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಅಷ್ಟರಲ್ಲಿ ಗಾಡಿ ಕುಲುಕಿದರೆ ಆ ಫ್ರೇಮ್ ಒಳಗೇ ಚಿತ್ರ ಎಳೆದ ಹಾಗಾಗುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರ ಚೌಕಟ್ಟಿನಲ್ಲಿ ನೆಟ್ಟಗೇ ನಿಂತಿರುತ್ತದೆ, ಅದರ ತೊಗಟೆ ಮಾತ್ರ ಆಗಾಗ ಬಳಿದ ಹಾಗೆ ಕಾಣುತ್ತದೆ. ಫ್ರೇಮನ್ನು ಸರಿಸಿ ಇದನ್ನು ಸರಿ ಮಾಡೋಕೆ ಆಗೋದಿಲ್ಲ. ಇದಕ್ಕೆ ‘ಮಸುಕು’ ಅನ್ನೋಣ ಅಂದರೆ, ಮಂಜಿನಿಂದಲೂ ಮಸುಕಾಗುತ್ತದೆ, ಫೋಕಸ್ ತಪ್ಪಿದರೂ ಮಸುಕಾಗುತ್ತದೆ. ‘ಎಳೆಮಸುಕು’ ಅಂದರೆ ‘ಎಳೆಯ’ ಅಂತ ಓದಿಕೊಂಡಾರು. ಬೇರೆ ಏನಾದರೂ ಹೊಳೆಯುತ್ತದಾ?

ಇದಕ್ಕೆ ಪರಿಹಾರ ದೊಡ್ಡ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್. ಅದು ದೊಡ್ಡದಾದಷ್ಟೂ ಜಾಸ್ತಿ ಬೆಳಕು ಹಿಡಿಯುತ್ತದೆ, ಶಟರನ್ನು ಬೇಗ ಮುಚ್ಚಬಹುದು. ಅಲ್ಲಿ ಇನ್ನೊಂದು ಗೊಂದಲ ಇದೆ. 2023ರ ಡಿಜೆಐ ಆಸ್ಮೋ ಆ್ಯಕ್ಷನ್ 4ರ ಸೆನ್ಸರ್ 1/1.3 ಇಂಚು, ಅದೇ ವರ್ಷದ ಗೋಪ್ರೊ ಹೀರೋ12ರದ್ದು 1/1.9 ಇಂಚು. ಸುಮ್ನೆ ಓದಿದರೆ 1.9 ದೊಡ್ಡದು ಅನ್ನಿಸುತ್ತದೆ. ಆದರೆ ಇದು ಭಿನ್ನರಾಶಿ, ಕೆಳಗಿನ ಅಂಕಿ ದೊಡ್ಡದಾದಷ್ಟೂ ಸೆನ್ಸರ್ ಚಿಕ್ಕದು. ನೆರಳಿನ ದಾರಿಯಲ್ಲೇ ಜಾಸ್ತಿ ಓಡಾಡುವವರು ಮೊದಲು ನೋಡಬೇಕಾದ್ದು ಈ ಅಂಕಿಯನ್ನು, 4ಕೆ 5ಕೆ ಅನ್ನುವ ಚಿತ್ರದ ಅಳತೆಯ ಅಂಕಿ ಆಮೇಲೆ.

ನಡುಕದ ಮಾತು ಬೇಗ ಮುಗಿಯುತ್ತದೆ. ಪೆಟ್ರೋಲ್ ಬೈಕಿನಲ್ಲಿ ಎಂಜಿನ್ನಿನ ನಡುಕ ಹ್ಯಾಂಡಲ್ ತನಕ ಬರುತ್ತದೆ. ಎಲೆಕ್ಟ್ರಿಕ್‌ನಲ್ಲಿ ಅದು ಬಹಳ ಕಮ್ಮಿ, ಉಳಿಯೋದು ಟಯರು ರಸ್ತೆಗೆ ತಾಗುವ ಸಣ್ಣ ಅದುರು. ಹಾಗಂತ ಫೋನನ್ನೇ ಹ್ಯಾಂಡಲಿಗೆ ಕಟ್ಟಿ ವಿಡಿಯೋ ಮಾಡಬೇಡಿ. ದೊಡ್ಡ ಬೈಕುಗಳ ಎಂಜಿನ್ ನಡುಕದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಎಲೆಕ್ಟ್ರಿಕ್ ಸ್ಕೂಟರಿನಂಥ ಗಾಡಿಗಳಿಗೂ ನಡುಕ ತಡೆಯುವ ಮೌಂಟ್ (ಫೋನನ್ನೋ ಕ್ಯಾಮೆರಾವನ್ನೋ ಕೂರಿಸುವ ಹಿಡಿಕೆ) ಹಾಕಿ ಅಂದಿತ್ತು. ಇದಕ್ಕೆ ‘ನಡುಕತಡೆ ಮೌಂಟ್’ ಅಂತ ಇಟ್ಟಿದ್ದೇನೆ. ‘ಮೌಂಟ್’ ಅನ್ನು ಬದಲಿಸುವ ಆಸೆ ನನಗಿಲ್ಲ, ಅಂಗಡಿಯಲ್ಲಿ ಕೇಳೋದು ಅದೇ ಪದ.

ವಾಲು ಮಾತ್ರ ನನಗೆ ತುಂಬಾ ಮುಖ್ಯ. ಸಂಪಾಜೆ ಘಾಟಿಯಲ್ಲಾಗಲಿ, ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗಲಿ ಗಾಡಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತಲೇ ಇರುತ್ತದೆ. ಹ್ಯಾಂಡಲ್ ಮೇಲಿನ ಕ್ಯಾಮೆರಾ ಜೊತೆಗೇ ವಾಲುತ್ತದೆ. ನೋಡುವವರಿಗೆ ತಲೆ ಸುತ್ತುತ್ತದೆ. ಇದನ್ನು ತಿದ್ದುವ ಸೌಲಭ್ಯಕ್ಕೆ ಕಂಪನಿಗಳು ‘ಹೊರೈಝನ್ ಲಾಕ್’ ಅನ್ನುತ್ತವೆ. 2022ರ ಹೀರೋ11 ಬ್ಲ್ಯಾಕ್‌ನಲ್ಲಂತೂ ಕ್ಯಾಮೆರಾ ಪೂರ್ತಿ ಒಂದು ಸುತ್ತು ಹೊರಳಿದರೂ ಚಿತ್ರ ನೆಟ್ಟಗೇ ನಿಲ್ಲುತ್ತದೆ. ಇದನ್ನು ‘ದಿಗಂತ ಬೀಗ’ ಅಂತ ಬರೆಯೋಕೆ ನನಗೆ ಮನಸ್ಸು ಬರುವುದಿಲ್ಲ. ಘಾಟಿಯಲ್ಲಿ ದಿಗಂತ ಎಲ್ಲಿ ಕಾಣುತ್ತದೆ? ಒಂದು ಕಡೆ ಗುಡ್ಡ ಕಡಿದ ಬರೆ, ಇನ್ನೊಂದು ಕಡೆ ಕಾಡು. ಕ್ಯಾಮೆರಾ ಕೂಡ ದಿಗಂತ ಹುಡುಕೋದಿಲ್ಲ. ಭೂಮಿ ಎಳೆಯುವ ದಿಕ್ಕನ್ನು ಚಲನೆ ಅಳೆಯುವ ಸೆನ್ಸರುಗಳಿಂದ ಲೆಕ್ಕ ಹಾಕಿ ಅಡ್ಡಗೆರೆ ಯಾವುದು ಅಂತ ತಿಳಿಯುತ್ತದೆ. ಗಾರೆ ಕೆಲಸದವರ ರಸಮಟ್ಟ ಮಾಡುವ ಕೆಲಸವೂ ಇದೇ. ‘ಮಟ್ಟ ನೋಡು’, ‘ಮಟ್ಟ ತಪ್ಪಿದೆ’ ಅನ್ನೋದು ಎಲ್ಲರಿಗೂ ತಿಳಿಯುವ ಮಾತು. ಅದಕ್ಕೇ ‘ಮಟ್ಟ ಹಿಡಿಯುವುದು’ ಅಂತ ಬರೆದಿದ್ದೇನೆ. ಮೆನುವಿನಲ್ಲಿ ಹುಡುಕಲು ಅನುಕೂಲವಾಗಲಿ ಅಂತ ಪಕ್ಕದಲ್ಲಿ ‘ಹೊರೈಝನ್ ಲಾಕ್’ ಕೂಡ ಇರಲಿ. ‘ಮಟ್ಟ’ ಅಂದರೆ ‘ದರ್ಜೆ’ ಅಂತಲೂ ಅರ್ಥ ಇರುವುದರಿಂದ ಗೊಂದಲ ಆಗುತ್ತದಾ? ಇದನ್ನು ದಯವಿಟ್ಟು ಯೋಚಿಸಿ ಹೇಳಿ.

ಇನ್ನು ಮಳೆ. ‘ವಾಟರ್‌ಪ್ರೂಫ್’ ಅನ್ನುವ ಒಂದೇ ಪದದಲ್ಲಿ ಎರಡು ಸಂಗತಿ ಕಲೆಸಿಹೋಗಿವೆ. ಗೋಪ್ರೊ ಹೀರೋ12 ಅನ್ನು ಬೇರೆ ಕವಚವಿಲ್ಲದೆ 10 ಮೀಟರ್ ಆಳದವರೆಗೆ, ಆಸ್ಮೋ ಆ್ಯಕ್ಷನ್ 4 ಅನ್ನು 18 ಮೀಟರ್‌ವರೆಗೆ ನೀರಿಗಿಳಿಸಬಹುದು. ಇದು ‘ನೀರು ಒಳಹೋಗದ’ ಗುಣ. ಆದರೆ ಜುಲೈ ಮಳೆಯಲ್ಲಿ ನಮಗೆ ಬೇಕಾದ್ದು ಲೆನ್ಸ್ ಗಾಜಿನ ಮೇಲೆ ‘ಹನಿ ನಿಲ್ಲದ’ ಗುಣ. ಒಂದೇ ಒಂದು ಹನಿ ಗಾಜಿನ ನಡುವೆ ಕೂತರೆ ಇಡೀ ಸವಾರಿ ನೀರಿನೊಳಗಿಂದ ನೋಡಿದ ಹಾಗೆ. ಆಳದ ಅಂಕಿ ಎಷ್ಟೇ ದೊಡ್ಡದಿದ್ದರೂ ಈ ವಿಷಯ ಹೇಳೋದಿಲ್ಲ, ಗಾಜಿನ ಲೇಪದ ಬಗ್ಗೆ ಬೇರೆಯಾಗಿಯೇ ಕೇಳಬೇಕು. ಜೊತೆಗೆ, ಚಾರ್ಜಿಂಗ್ ಬಾಗಿಲು ತೆರೆದಿಟ್ಟು ಬೈಕಿನಿಂದ ವೈರ್ ಎಳೆದರೆ ಮೊದಲನೇ ಗುಣವೂ ಹೋಯಿತು. ಈ ಎರಡು ಪದಗುಚ್ಛ ನಿಮಗೆ ಒಪ್ಪಿಗೆಯೇ?

‘ಎಂಬಿ’ ಬಗ್ಗೆಯೂ ಒಂದು ಮಾತು. ವಿಡಿಯೋದಲ್ಲಿ ಸೆಕೆಂಡಿಗೆ ಎಷ್ಟು ಮಾಹಿತಿ ಇದೆ ಅಂತ ಅಳೆಯೋದು ಮೆಗಾಬಿಟ್‌ನಲ್ಲಿ, ಮೆಮೊರಿ ಕಾರ್ಡಿನ ಬರೆಯುವ ವೇಗ ಅಳೆಯೋದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ನಾವು ಎರಡಕ್ಕೂ ಎಂಬಿ ಅಂದುಬಿಡುತ್ತೇವೆ. ಸೆಕೆಂಡಿಗೆ 100 ಮೆಗಾಬಿಟ್ ಅಂದರೆ 12.5 ಮೆಗಾಬೈಟ್ ಮಾತ್ರ, ಗಂಟೆಗೆ 45 ಜಿಬಿ. ವಿ30 ಗುರುತಿನ ಕಾರ್ಡು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ, ಧಾರಾಳ ಸಾಕು. ಕೈಪಿಡಿಯಲ್ಲಿ ‘ಬಿಟ್’, ‘ಬೈಟ್’ ಅಂತ ಪೂರ್ತಿ ಬರೆಯಬೇಕು ಅನ್ನೋದು ನನ್ನ ಪಟ್ಟು.

‘ವರ್ಸಟೈಲ್’ಗೆ ‘ಬಹುಮುಖ’ ಅಂತ ಬರೆದು ಅಳಿಸಿದೆ. ಹೆಲ್ಮೆಟ್ಟಿಗೂ ಎದೆಪಟ್ಟಿಗೂ ಹ್ಯಾಂಡಲಿಗೂ ಕೂರುವ, ಮಳೆಗೂ ನೆರಳಿಗೂ ಹೊಂದುವ ಕ್ಯಾಮೆರಾಕ್ಕೆ ‘ಎಲ್ಲದಕ್ಕೂ ಆಗುವ’ ಅನ್ನೋದೇ ಸಾಕು ಅನ್ನಿಸಿತು. ಅಂದಹಾಗೆ, ಮಾಕುಟ್ಟ ದಾಟಿ ಕೇರಳಕ್ಕೆ ಹೋಗುವವರಿಗೆ ಎದೆಪಟ್ಟಿಯೇ ವಾಸಿ. ಹೆಲ್ಮೆಟ್ ಮೇಲೆ ಕ್ಯಾಮೆರಾ ಕೂರಿಸಬಾರದು ಅಂತ ಅಲ್ಲಿನ ಮೋಟಾರು ವಾಹನ ಇಲಾಖೆ 2022ರಲ್ಲಿ ಹೇಳಿತ್ತು.

ನಮ್ಮ ಕಡೆಯ ನುಡಿಗಳಾದ ಕೊಡವ ತಕ್ಕ್, ಅರೆಭಾಷೆ ಬಲ್ಲವರಿಗೆ ಒಂದು ಕೇಳಿಕೆ. ಮರದ ಸಂದಿಯಿಂದ ದಾರಿ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುವ ಬಿಸಿಲಿಗೆ ನಿಮ್ಮ ಮನೆಗಳಲ್ಲಿ ಏನನ್ನುತ್ತೀರಿ? ಕ್ಯಾಮೆರಾ ಅತಿ ಹೆಚ್ಚು ತಡಬಡಾಯಿಸುವುದು ಆ ಬೆಳಕಿನಲ್ಲೇ. ಕೈಪಿಡಿಯಲ್ಲಿ ಅದಕ್ಕೆ ಇಡೀ ಒಂದು ಪುಟ ಮೀಸಲಿಟ್ಟಿದ್ದೇನೆ, ತಲೆಬರಹ ಇನ್ನೂ ಖಾಲಿ ಇದೆ.