ಸಹಾಯ ಬೇಕು: ಶೀಟ್‌ನಲ್ಲಿ ಲಂಡನ್, ನ್ಯೂಯಾರ್ಕ್ ಗಡಿಯಾರ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಅಣ್ಣನ ಜೊತೆ ಕಾಫಿ ವ್ಯಾಪಾರ ನೋಡಿಕೊಳ್ಳುತ್ತೇನೆ. ರೋಬಸ್ಟಾಗೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆ ನೋಡಲೇಬೇಕು ಅಲ್ವಾ? ಅದಕ್ಕೇ ದರ ಬರೆಯುವ ಗೂಗಲ್ ಶೀಟ್‌ನ ಮೇಲ್ಗಡೆ ಮೂರೂ ಕಡೆಯ ಸಮಯ ಇಟ್ಟಿದ್ದೇನೆ.

ನಮ್ಮ ಸಮಯಕ್ಕೆ, ಈಗಿನ ದಿನ-ಸಮಯ ತೋರಿಸುವ ನೌ (NOW) ಫಾರ್ಮುಲಾ ಹಾಕಿದೆ. ಸೆಟ್ಟಿಂಗ್ಸ್‌ನಲ್ಲಿ ಲೆಕ್ಕಾಚಾರವನ್ನು ಪ್ರತಿ ನಿಮಿಷಕ್ಕೆ ಬದಲಿಸಿದ ಮೇಲೆ ತಾನಾಗೇ ಓಡುತ್ತಿದೆ. ಸೆಕೆಂಡು ಬೇಡ, ನಿಮಿಷ ಸಾಕು. ಅದರಿಂದ ಲಂಡನ್‌ಗೆ 5 ಗಂಟೆ 30 ನಿಮಿಷ, ನ್ಯೂಯಾರ್ಕ್‌ಗೆ 10 ಗಂಟೆ 30 ನಿಮಿಷ ಕಳೆದೆ. ಚಳಿಗಾಲ ಪೂರ್ತಿ ಸರಿಯಾಗಿತ್ತು.

ಮಾರ್ಚ್‌ನಲ್ಲಿ ತೊಂದರೆ ಶುರುವಾಯಿತು. ಅಮೆರಿಕದವರು ಮಾರ್ಚ್ 2ನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಬ್ರಿಟನ್‌ನವರು ಕೊನೆಯ ಭಾನುವಾರ. ಹಿಂದಕ್ಕೆ ತರುವುದೂ ಬೇರೆ ದಿನ: ಬ್ರಿಟನ್ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕ ನವೆಂಬರ್ ಮೊದಲ ಭಾನುವಾರ. ಇದು ಗೊತ್ತಿಲ್ಲದೆ ನ್ಯೂಯಾರ್ಕ್ ಮಾರುಕಟ್ಟೆಯನ್ನು ಒಂದು ಗಂಟೆ ತಡವಾಗಿ ನೋಡಿದೆ. ಅಷ್ಟರಲ್ಲಿ ಬೆಳೆಗಾರರೊಬ್ಬರಿಗೆ ಹಿಂದಿನ ದಿನದ ದರ ಹೇಳಿಬಿಟ್ಟಿದ್ದೆ. ತುಂಬಾ ಬೇಜಾರಾಯಿತು. ನಮ್ಮನ್ನು ನಂಬಿ ಚೀಲ ತರುವವರು ಅವರು.

ಈಗ ವರ್ಷಕ್ಕೆ 4 ಸಲ ಕೈಯಲ್ಲೇ ತಿದ್ದಬೇಕು, ಮರೆತರೆ ಮತ್ತೆ ತಪ್ಪು. ಆ ಭಾನುವಾರಗಳನ್ನು ತಾನೇ ಕಂಡುಹಿಡಿಯುವ ಫಾರ್ಮುಲಾ ಯಾರ ಹತ್ತಿರವಾದರೂ ಇದೆಯಾ? ಇಲ್ಲ, ಆ್ಯಪ್ಸ್ ಸ್ಕ್ರಿಪ್ಟ್ (ಶೀಟ್‌ಗೆ ಜೋಡಿಸುವ ಸಣ್ಣ ಪ್ರೋಗ್ರಾಂ) ಬರೆಯುವುದೇ ಒಳ್ಳೆಯದಾ? ಸ್ಕ್ರಿಪ್ಟ್ ನನಗೆ ಹೊಸದು, ಸ್ವಲ್ಪ ಬಿಡಿಸಿ ಹೇಳಿ. ಅಣ್ಣ ಮೊಬೈಲಿನಲ್ಲೇ ನೋಡುವುದು ಜಾಸ್ತಿ, ಅಲ್ಲೂ ಸರಿಯಾಗಿ ಕಾಣಬೇಕು.